ನೀರೂರದ ಬಾಯಿ

ಬಾಬಣ್ಣನ ಬಾಯಿ ಒಣಗಿತ್ತು, ಅಷ್ಟೇ. ಬೇರೆಯವರಾದರೆ ಒಂದು ಲೋಟ ನೀರು ಕುಡಿದು ಸುಮ್ಮನಾಗುತ್ತಿದ್ದರು. ಆದರೆ ಚೆನ್ನೈನ ಕ್ರೋಂಪೇಟೆಯ ಆ ಉಡುಪಿ ಹೋಟೆಲಿನಲ್ಲಿ ಕೃಷ್ಣನಿಗೆ ನೈವೇದ್ಯವಾಗುವ ತನಕ ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಮೂವತ್ತು ವರ್ಷ ಬಾಬಣ್ಣ ಸಾರಿನ ಹದ ಕಂಡುಕೊಂಡದ್ದು ಹೀಗೆ: ಆವಿ ಮೂಗಿಗೆ ತಾಗಿ ಬಾಯಲ್ಲಿ ನೀರೂರಿದರೆ ಉಪ್ಪು ಹುಳಿ ಸರಿ. ಗಂಟಲ ಗಡ್ಡೆಗೆ ರೇಡಿಯೇಷನ್ ಕೊಟ್ಟ ಮೇಲೆ ಆ ಬಾಯಿ ಬಿಸಿಲಿಗೆ ಹಾಕಿದ ಹಪ್ಪಳವಾಗಿತ್ತು. ಧಣಿ ವಿಷ್ಣುತೀರ್ಥರಿಗೆ ತಿಳಿದರೆ ಸೌಟು ಕೈತಪ್ಪುತ್ತದೆಂದು ನಾಲ್ಕು ತಿಂಗಳಿಂದ ಅಂದಾಜಿನಲ್ಲೇ ಉಪ್ಪು ಹಾಕುತ್ತಿದ್ದ.

ಆ ಶನಿವಾರ ಬೆಳಿಗ್ಗೆ ಕಾಫಿಗೆ ಬಂದ, ದಿನದ ಗಿರಾಕಿ ಹುಡುಗಿ ಮಾನ್ಯಾಳನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ಕೇಳಿದ. ಅವಳು ಲ್ಯಾಬಿನಲ್ಲಿ ಜೊಲ್ಲಿನ ಗ್ರಂಥಿಯನ್ನೇ ಓದುತ್ತಿದ್ದವಳು.

"ಕೋಶದ ಒಳಗೆ ಕ್ಯಾಲ್ಸಿಯಂ ಏರಬೇಕು ಮಾಮಾ. ಅದು ಕರೆ ಕೊಟ್ರೆ ಬಾಗಿಲು ತೆರೆಯತ್ತೆ. ಮೊದಲು ಉಪ್ಪು ಹೊರಗೆ ಹೋಗತ್ತೆ, ಅದರ ಹಿಂದೆ ನೀರು. ನಿಮ್ಮಲ್ಲಿ ಕರೆ ಕೇಳೋ ಕೋಶಗಳೇ ಕಮ್ಮಿ ಆಗಿವೆ."

ರುಬ್ಬುವ ಜಲಜಾಕ್ಷಿ ಕಿವಿ ಅಲ್ಲೇ ಇಟ್ಟಿದ್ದಳು. "ಕ್ಯಾಲ್ಸಿಯಂ ಅಂದ್ರೆ ಸುಣ್ಣವೇ ಅಲ್ವಾ ಬಾಬಣ್ಣ? ಅದಕ್ಕೆಂತ ಇಷ್ಟು ಚಿಂತೆ?"

ಮಾನ್ಯಾ ಅತ್ತ ಹೋದದ್ದೇ ತಡ, ಜಲಜಾಕ್ಷಿ ಎರಡು ವೀಳ್ಯದೆಲೆಗೆ ಗೋಡೆಗೆ ಬಳಿದಂತೆ ಸುಣ್ಣ ಬಳಿದಳು. ಬಾಬಣ್ಣ ಅಂಜಿದಾಗ ಧೈರ್ಯ ತುಂಬಲು ಒಂದನ್ನು ತಾನೇ ಜಗಿದಳು. ಇನ್ನೊಂದನ್ನು ಅವನು ಜಗಿದ. ಜೊಲ್ಲಿಲ್ಲದ ಬಾಯಿ ಧಗಧಗ ಉರಿಯಿತು. ತುಟಿ ಎಣ್ಣೆಗೆ ಬಿದ್ದ ಗೋಳಿಬಜೆಯಂತೆ ಉಬ್ಬಿತು.

ಆ ಉರಿಯಲ್ಲಿ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೇ ಮರೆತುಹೋಯಿತು. ದೇವರನ್ನು ನೆನೆದು, ಬಡಿಸುವ ರೂಪೇಶನ ಮೂಗಿನ ಕೆಳಗೆ ಸೌಟು ಹಿಡಿದ. ರೂಪೇಶ್ ಗಟಗಟ ಜೊಲ್ಲು ನುಂಗಿದ. ಬಾಬಣ್ಣನಿಗೆ ಸಮಾಧಾನವಾಯಿತು. ಶನಿವಾರ ರೂಪೇಶ್ ನಿರಾಹಾರಿ, ಬರೀ ಬಿಸಿನೀರಿನ ಆವಿಗೂ ಅವನ ಬಾಯಲ್ಲಿ ನೀರೂರುತ್ತದೆಂಬುದು ಹೊಳೆಯಲಿಲ್ಲ.

ನೈವೇದ್ಯವಾಯಿತು. ದೇವರು ದೂರು ಹೇಳಲಿಲ್ಲ, ಗಿರಾಕಿಗಳು ಹೇಳಿದರು. ಉಪ್ಪೇ ಇಲ್ಲದ ಸಾರಿನ ಬಟ್ಟಲುಗಳು ಒಂದೊಂದಾಗಿ ಮರಳಿ ಬಂದವು.

ಧಣಿಗಳ ಎದುರು ಬಾಬಣ್ಣ ತಲೆತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡ. ಅವರು ಗಲ್ಲಾಪೆಟ್ಟಿಗೆ ಮುಚ್ಚಿದರು.

"ಗೊತ್ತುಂಟು ಬಾಬು, ಮೊದಲ ದಿನದಿಂದಲೇ. ನೈವೇದ್ಯ ಆದ ಮೇಲೆ ಜಲಜಾಕ್ಷಿ ದಿನಾ ರುಚಿ ನೋಡಿ ಉಪ್ಪು ಸರಿ ಮಾಡ್ತಿದ್ಲು, ನಿಮಗೆ ಗೊತ್ತಾಗದ ಹಾಗೆ. ಇವತ್ತು ಅವಳ ನಾಲಿಗೆಯೂ ಸುಟ್ಟಿದೆಯಂತೆ."

ಗಿರಾಕಿಗಳಿಗೂ ವಿಷಯ ತಿಳಿದುಹೋಗಿತ್ತು, ಇನ್ನು ಮುಚ್ಚಿಡುವಂತಿರಲಿಲ್ಲ. ನಾಳೆಯಿಂದ ಸೌಟು ಜಲಜಾಕ್ಷಿಯ ಕೈಗೆ, ಬಾಬಣ್ಣನಿಗೆ ತರಕಾರಿ ಹೆಚ್ಚುವ ಕೆಲಸ ಎಂದಾಯಿತು.

ಹಿತ್ತಲ ಮೆಟ್ಟಿಲಲ್ಲಿ ಅವನು ಅದೇ ಸಾರನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಅನ್ನಕ್ಕೆ ಸುರಿದುಕೊಂಡ. ಬಾಯ ಬಾಗಿಲು ತೆರೆಯಲೇ ಇಲ್ಲ. ಕಣ್ಣಿನದು ಮಾತ್ರ ತೆರೆಯಿತು. ಜಲಜಾಕ್ಷಿ ಉಪ್ಪು ತುಂಬಿದ ಮರದ ಮರಿಗೆ ಹಿಡಿದು ಬಂದು, ತೊದಲುವ ನಾಲಿಗೆಯಲ್ಲಿ ಕೇಳಿದಳು, "ಉಪ್ಪು ಹಾಕ್ಲಾ ಬಾಬಣ್ಣ?"

ಅವನು ತಲೆ ಎತ್ತಲಿಲ್ಲ.

"ಬೇಡ, ಬೀಳ್ತಾ ಉಂಟು."