ಹಸಿರು ತಲೆಯ ಮಗಳು

ತೊಂದರೆಗೆಲ್ಲ ಕಾರಣ ನೆತ್ತಿಯ ಮೇಲಿನ ಎರಡು ಬೆರಳಗಲದ ನರೆ.

ಅಂಚೆ ಕಚೇರಿಯ ಆ ಗುಮಾಸ್ತೆಗೆ ಐವತ್ತು ತುಂಬಿದ ದಿನ ಏನು ಹುಚ್ಚು ಹಿಡಿಯಿತೋ, ತಲೆಗೆ ಗಿಳಿಹಸಿರು ಬಣ್ಣ ಹಾಕಿಸಿಕೊಂಡು ಬಂದಿದ್ದಳು. ಅಂದಿನಿಂದ ಬೀದಿಗೆಲ್ಲ ಅವಳು ಗಿಣಿ. "ತಲೇಲಿ ಪಾಚಿ ಕಟ್ಟಿಸ್ಕೊಂಡು ಬಂದಿದೀಯಲ್ಲೇ!" ಎಂದು ತಾಯಿ ವಾರವಿಡೀ ಮುಖ ತಿರುಗಿಸಿದ್ದರು.

ಆಮೇಲೆ ಅವರ ನೆನಪು ಹಳೆಯ ಸೀರೆಯಂತೆ ಮಡಿಕೆ ಮಡಿಕೆಯಲ್ಲೂ ಹರಿಯುತ್ತ ಬಂತು. ಗಂಡನ ಹೆಸರು ಹೋಯಿತು, ಮನೆಯ ಗುರುತು ಹೋಯಿತು, ಪಾಚಿ ಮಾತ್ರ ಉಳಿಯಿತು. ಹಸಿರು ತಲೆಯವಳು ಮಗಳು. ಅವಳು ಕೊಟ್ಟ ತುತ್ತು ತಿನ್ನಬಹುದು. ಉಳಿದವರೆಲ್ಲ ವಿಷ ಹಾಕುವವರು.

ಮೊನ್ನೆ, ಜ್ವರಕ್ಕೆಂದು ಸೇರಿಸಿದ್ದ ಆಸ್ಪತ್ರೆಯಲ್ಲಿ, ಅವರು ನರೆ ಇಣುಕಿದ್ದ ಗಿಣಿಯ ನೆತ್ತಿಯನ್ನೇ ದಿಟ್ಟಿಸಿ, "ಯಾರಮ್ಮ ನೀನು?" ಎಂದು ತುಟಿ ಬಿಗಿದುಕೊಂಡರು. ಇಂದು ಬೆಳಿಗ್ಗೆ ಡಾಕ್ಟರು ಹೇಳಿದರು: "ಸಂಜೆಯೊಳಗೆ ಏನೂ ತಿನ್ನದಿದ್ರೆ ಮೂಗಿಗೆ ಟ್ಯೂಬ್ ಹಾಕ್ಲೇಬೇಕು. ಕಿತ್ಕೊಳ್ದೇ ಇರೋ ಹಾಗೆ ಕೈನೂ ಕಟ್ಟಬೇಕಾಗುತ್ತೆ."

ಗಿಣಿ ರಜೆ ಹಾಕಿ ಪಾರ್ಲರಿಗೆ ಓಡಿದಳು.

"ಬುಡಕ್ಕಷ್ಟು ಹಸಿರು ಬಳಿದುಬಿಡಮ್ಮ, ಬೇಗ."

"ಇದೇನಕ್ಕ, ಕಿಟಕಿ ಸರಳಾ ಬಳಿದುಬಿಡೋಕೆ?" ಎಂದಳು ಪಾರ್ಲರಿನ ಹುಡುಗಿ. "ತುದಿ ಬಿಸಿಲಿಗೆ ಮಾಸಿದೆ, ಬುಡದಲ್ಲಿ ಅರ್ಧ ಕಪ್ಪು ಅರ್ಧ ಬಿಳಿ. ಮೊದಲು ಬ್ಲೀಚ್ ಮಾಡ್ಬೇಕು. ಆಮೇಲೆ ಬುಡಕ್ಕೆ ಗಾಢ ಹಚ್ಚಿ, ಬ್ರಶ್ಶಲ್ಲಿ ಕೆಳಗೆ ಎಳೀತಾ ಎಳೀತಾ ತೆಳು ಮಾಡ್ಬೇಕು. ಇಲ್ಲಾಂದ್ರೆ ತಲೆ ಸುತ್ತ ಗೆರೆ ಹೊಡೆದ ಹಾಗೆ ಕಾಣುತ್ತೆ."

ಪಕ್ಕದ ಕುರ್ಚಿಯಲ್ಲಿ ಎದುರುಮನೆಯಾಕೆ ಮುಖಕ್ಕೆ ಬಿಳಿ ಲೇಪ ಬಳಿಸಿಕೊಂಡು, ಸುಣ್ಣ ಹೊಡೆದ ಗೋಡೆಯಂತೆ ಕೂತಿದ್ದಳು. ಲೇಪ ಒಣಗುವವರೆಗೆ ಮಾತಾಡಬಾರದೆಂದು ಆಕೆಗೆ ಹೇಳಿದ್ದರು. ಆಕೆಯಿಂದ ಅದಾಗುವ ಮಾತೇ?

"ಕಪ್ಪು ಹಾಕಿಸ್ಕೊಳ್ರೀ. ತಾಯಿ ಆಸ್ಪತ್ರೇಲಿ, ಮಗಳು ಪಾರ್ಲರಲ್ಲಿ! ನೋಡಿದವರು ಏನಂತಾರೆ?"

"ನೋಡ್ಬೇಕಾದವರು ಅಮ್ಮ ಒಬ್ರೇ," ಎಂದು ಗಿಣಿ ಇದ್ದದ್ದನ್ನೆಲ್ಲ ಹೇಳಿದಳು. ಕೇಳುತ್ತ ಕೇಳುತ್ತ ಎದುರುಮನೆಯಾಕೆಯ ಕೆನ್ನೆಯ ಮೇಲೆ ಲೇಪ ಬಿರುಕು ಬಿಟ್ಟಿತು.

ಬ್ಲೀಚು ನೆತ್ತಿಯ ಮೇಲೆ ಇರುವೆಗೂಡು ಕೆದಕಿದಂತೆ ಚುರುಗುಟ್ಟತೊಡಗಿತು. "ಆಯ್ತು, ತೊಳೆಯೋಣ," ಎಂದು ಹುಡುಗಿ ನಲ್ಲಿ ತಿರುಗಿಸಿದಳು. ನಲ್ಲಿ ಮುದುಕನಂತೆ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ನೀರು ಹೋಯ್ತು ಅಕ್ಕ!"

"ನನ್ನ ಕೂದಲೂ ಹೋಗುತ್ತೆ ಕಣೇ!"

ಹುಡುಗಿ ಟವೆಲು ಹಿಡಿದು ಉಜ್ಜಿದಳು. ಉರಿ ಇನ್ನಷ್ಟು ಏರಿತು. ಅಷ್ಟರಲ್ಲಿ ಎದುರುಮನೆಯಾಕೆ ಎದ್ದು, ಬಿಳಿ ಮುಖ ಹೊತ್ತುಕೊಂಡೇ ಬೀದಿಗಿಳಿದಳು. ನಾಯಿಗಳು ಬೊಗಳಿದವು. ಸೈಕಲ್ಲಿನವನೊಬ್ಬ ದಾರಿ ಬಿಟ್ಟು ಚರಂಡಿಗಿಳಿದ. "ನೀರು! ಯಾರಾದ್ರೂ ನೀರು ಕೊಡ್ರೋ!" ಎಂಬ ಕೂಗಿಗೆ ಹೂವಿನಂಗಡಿಯವನು, ಪಾರ್ಲರಿಗೆ ಬೆಂಕಿ ಬಿದ್ದಿತೆಂದು, ಗುಲಾಬಿ ಅದ್ದಿಟ್ಟಿದ್ದ ಬಕೆಟ್ಟುಗಳನ್ನೇ ಎತ್ತಿಕೊಂಡು ಓಡಿ ಬಂದ. ಬೆಂಕಿ ಎಲ್ಲಿದೆಯೆಂದು ತಿಳಿದ ಮೇಲೂ ಬೇಸರಿಸಲಿಲ್ಲ.

"ಸುರೀರಿ ಅಮ್ಮ. ನನ್ನ ಹೂವು ಒಂದ್ಗಳಿಗೆ ಬಾಯಾರಿದ್ರೆ ಸಾಯಲ್ಲ."

ತೊಳೆದ ಮೇಲೆ ಬುಡ ಕೋಳಿಮರಿಯ ಬಣ್ಣಕ್ಕೆ ತಿರುಗಿತ್ತು. ಗಾಢ ಹಸಿರಿನ ಟ್ಯೂಬು ಅರ್ಧ ತಲೆಗೇ ಮುಗಿಯಿತು. "ಹೆದರ್ಬೇಡಿ ಅಕ್ಕ, ಹಳದಿ ಮೇಲೆ ನೀಲಿ ಬಿದ್ರೂ ಹಸಿರೇ," ಎಂದು ಹುಡುಗಿ ಊಟವನ್ನೂ ಮರೆತು ನಿಂತೇ ಬೆರೆಸಿದಳು, ಹಚ್ಚಿದಳು, ಎಳೆದಳು. ಎದುರುಮನೆಯಾಕೆ, ಮುಖದ ಲೇಪ ಚಕ್ಕೆ ಚಕ್ಕೆಯಾಗಿ ಉದುರುತ್ತಿದ್ದರೂ, ಕನ್ನಡಿ ಹಿಡಿದು ನಿಂತಳು. ಕೊನೆಗೆ ಎಲ್ಲಿ ನರೆ ಇತ್ತು, ಎಲ್ಲಿ ಹಳೆಯ ಬಣ್ಣ ಶುರುವಾಗುತ್ತದೆ ಎಂದು ಭೂತಗನ್ನಡಿ ಹಿಡಿದರೂ ತಿಳಿಯದಂತಾಯಿತು.

ಒಣಗಿಸಿಕೊಳ್ಳಲು ಹೊತ್ತಿರಲಿಲ್ಲ. ಕಾಲರಿನ ಮೇಲೆ ಹಸಿರು ತೊಟ್ಟಿಕ್ಕುತ್ತಿದ್ದಂತೆಯೇ ಗಿಣಿ ಆಸ್ಪತ್ರೆಯ ಮೆಟ್ಟಿಲು ಹತ್ತಿ ವಾರ್ಡಿನ ಬಾಗಿಲಿಗೆ ಬಂದು ನಿಂತಳು.

ತಾಯಿ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದರು.

ಚಮಚ ಹಿಡಿದು ಕುಡಿಸುತ್ತಿದ್ದವಳು ನರ್ಸು. ಅವಳ ತಲೆಯ ತುಂಬ ಗಿಳಿಹಸಿರು ಉಣ್ಣೆಯ ನೂಲು. ಅರ್ಧ ಹೆಣೆದ ಸ್ವೆಟರೊಂದನ್ನು ಬಿಚ್ಚಿ, ಪಿನ್ನುಗಳಿಂದ ಸಿಕ್ಕಿಸಿಕೊಂಡಿದ್ದಳು. ಗಿಣಿಯನ್ನು ಕಂಡದ್ದೇ ಅವಳ ಮುಖ ಬಾಡಿತು. ಎದ್ದು ಬಂದು ಪಿಸುಗುಟ್ಟಿದಳು: "ತಪ್ಪು ತಿಳ್ಕೋಬೇಡಿ. ಹಸಿರು ತಲೆ ಮಗಳು ಬರ್ಲಿ, ಆಮೇಲೆ ತಿಂತೀನಿ ಅಂತಾನೇ ಇದ್ರು. ಅವರ ಕೈ ಕಟ್ಟೋಕೆ ನನಗೆ ಮನಸ್ಸು ಬರ್ಲಿಲ್ಲ. ಈಗ್ಲೇ ತೆಗೆದುಬಿಡ್ತೀನಿ."

ಅವಳ ಕೈ ನೂಲಿಗೆ ಹೋಗುವ ಮುಂಚೆಯೇ ಗಿಣಿ ಆ ಕೈಯನ್ನು ಹಿಡಿದುಕೊಂಡಳು. ಬಟ್ಟಲಲ್ಲಿ ಇನ್ನೂ ಅರ್ಧ ಗಂಜಿ ಇತ್ತು.

"ಯಾರೇ ಮಗಳೇ ಅದು?" ಎಂದರು ತಾಯಿ. ನರ್ಸು ತಲೆ ತಗ್ಗಿಸಿ ಹೋಗಿ ಚಮಚ ಎತ್ತಿಕೊಂಡಳು. ತಾಯಿ ಗಿಣಿಯನ್ನು ಮೇಲಿನಿಂದ ಕೆಳಗೆ ನೋಡಿದರು. ದನಿ ಮೆತ್ತಗಾಯಿತು. "ಒದ್ದೆ ತಲೇಲಿ ನಿಂತಿದೀಯಲ್ಲಮ್ಮ, ಶೀತ ಆಗಲ್ವಾ? ಬಣ್ಣವೇನೋ ಚೆನ್ನಾಗಿದೆ. ಆದ್ರೆ ನನ್ನ ಮಗಳಿಗೆ ಒಪ್ಪಿದಷ್ಟು ನಿನಗೆ ಒಪ್ಪಲ್ಲ, ಬೇಜಾರು ಮಾಡ್ಕೋಬೇಡ."

"ಇಲ್ಲಮ್ಮ."

"ಇವಳೂ ಎರಡು ದಿನ ಬಂದಿರ್ಲಿಲ್ಲ. ಈಗ ಬಂದ್ಲು. ನಿನಗೆ ತಾಯಿ ಇದಾರಾ?"

"ಇದಾರೆ."

"ಮತ್ತೆ ಇಲ್ಲೇನು ಮಾಡ್ತಿದೀಯ? ಓಡು. ಊಟ ಬಿಟ್ಟು ಕಾಯ್ತಿರ್ತಾರೆ."

ಗಿಣಿ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಒಳಗಿನಿಂದ ಚಮಚ ಬಟ್ಟಲಿಗೆ ತಾಗುವ ಸದ್ದು ಬರುತ್ತಿತ್ತು. ಅದು ನಿಲ್ಲುವವರೆಗೂ ಅವಳು ಏಳಲಿಲ್ಲ.