ಹುಂಜವಿಲ್ಲದ ಹಟ್ಟಿ

ಆ ಬೇಸಿಗೆಯ ಬೆಳಗಿನ ಜಾವಗಳಲ್ಲಿ ಮೂಡಣಕ್ಕೆ ಬಾಲದ ಚುಕ್ಕಿ ಕಾಣಿಸಿಕೊಳ್ಳದೆ ಇದ್ದಿದ್ದರೆ, ಯತ್ತಪ್ಪ ತನ್ನ ಜನ್ಮದಲ್ಲಿ ಕೋಳಿ ಮುಟ್ಟುತ್ತಿರಲಿಲ್ಲ.

ತುರುವನೂರಿನ ಆಚೆಗಿದ್ದ ಅವನ ಹಟ್ಟಿಯ ದೇವರಿಗೆ ಕೋಳಿ ಆಗದು. ಕೋಳಿ ತಂದವನು ಮುಳ್ಳುಬೇಲಿಯ ಆಚೆಗೆ. ಹೆಂಡತಿಯೂ ಅವನಿಗೆ ನೀರು ಕೊಡುವಂತಿಲ್ಲ. ಹುಂಜವಿಲ್ಲದ ಹಟ್ಟಿಗೆ ಹೊತ್ತು ಹೇಳುತ್ತಿದ್ದುದು ಆಕಾಶವೇ. ತೆಂಕಣದ ನಾಲ್ಕು ಚುಕ್ಕಿ ಪಡುವಣಕ್ಕೆ ಒರಗಿದರೆ ನಡುರಾತ್ರಿ, ಚೇಳಿನಂಥ ಚುಕ್ಕಿಗುಂಪು ವಾಲಿದರೆ ದನ ಬಿಡುವ ಹೊತ್ತು. ಈಗ ಚುಕ್ಕಿಗಳ ನಡುವೆಯೇ ಒಬ್ಬ ಕಳ್ಳ ಹುಟ್ಟಿಕೊಂಡಿದ್ದ.

ಸಂತೆಯಲ್ಲಿ ಕೋಳಿ ಮಾರುವವನು ಯತ್ತಪ್ಪನ ಕಿವಿಯಲ್ಲಿ ಉಸುರಿದ: "ನಾಳೆ ಆ ಚುಕ್ಕಿ ಬಾಲದಾಗೆ ಸೂರ್ಯನ್ನೇ ಗುಡಿಸ್ಕೊಂಡು ಹೋಗ್ತೈತೆ. ಹುಂಜ ಕೂಗಿದ ಊರಿಗಷ್ಟೇ ಬೆಳಕು."

"ಹಂಗಾದ್ರೆ ನಮ್ಮ ಹಟ್ಟಿಗೆ?"

"ನಿಮ್ಮ ಹಟ್ಟೇರು ದಡ್ಡರಲ್ಲ ಬಿಡಪ್ಪ" ಎಂದು ಅವನು ನಕ್ಕ. ಬೆಳಿಗ್ಗೆ ತುಂಬಿದ್ದ ಅವನ ಪಂಜರದಲ್ಲಿ ಒಂದೇ ಹುಂಜ ಉಳಿದಿತ್ತು. ಆ ಮಾತಿನ ಅರ್ಥ ಕೇಳುವಷ್ಟು ಧೈರ್ಯ ಯತ್ತಪ್ಪನಲ್ಲಿ ಉಳಿದಿರಲಿಲ್ಲ.

ಹುಂಜವನ್ನು ಕಂಬಳಿಯೊಳಗೆ ಅವುಚಿಕೊಂಡು ಹೊರಟ. ಡವಗುಟ್ಟುವ ಎರಡು ಎದೆಗಳಲ್ಲಿ ತನ್ನದು ಯಾವುದೆಂದು ಅವನಿಗೇ ತಿಳಿಯಲಿಲ್ಲ. ಮನೆ ಬಾಗಿಲಲ್ಲೇ ಪಕ್ಕದ ಮನೆಯ ಚಂದ್ರಕ್ಕ ಎದುರಾದಳು.

"ಏನಪ್ಪ, ಈ ಉರಿಯಾಗೆ ಕಂಬಳಿ?"

"ಚಳಿಜ್ವರ ಕಣಕ್ಕ."

ಕಂಬಳಿ 'ಕೊಕ್' ಎಂದಿತು.

"ಅದೇನದು?"

"ಬಿಕ್ಕಳಿಕೆ."

"ಜ್ವರದಾಗೆ ಬಿಕ್ಕಳಿಕೆ ಬಂದೋರು ಉಳಿದಿದ್ದು ನಾ ನೋಡಿಲ್ಲ" ಎಂದು ಸಮಾಧಾನ ಹೇಳಿದ ಚಂದ್ರಕ್ಕ, ಸರಕ್ಕನೆ ಒಳಗೆ ಹೋಗಿ ಕದ ಹಾಕಿಕೊಂಡಳು. ದಿನವಿಡೀ ಹೊಸ್ತಿಲಲ್ಲೇ ಕೂರುವ ಹೆಂಗಸು!

ಹುಂಜ ಕಂಡದ್ದೇ ಹೆಂಡತಿ ಓಬವ್ವ ಬಾಯಿ ಬಡಿದುಕೊಂಡಳು. "ಅಯ್ಯೋ ದ್ಯಾವ್ರೇ! ಹಟ್ಟಿ ಯಜಮಾನ್ರಿಗೆ ಗೊತ್ತಾದ್ರೆ ಬೇಲಿ ಆಚೆ ನಿಲ್ಲಿಸ್ತಾರೆ ನಿನ್ನ!"

"ಸೂರ್ಯನೇ ಹುಟ್ಟದಿದ್ರೆ ಯಜಮಾನ್ರಿಗೆ ಬೇಲಿ ಎಲ್ಲಿ ಕಾಣ್ತೈತೆ?"

ಓಬವ್ವನಿಗೂ ಅದು ನಿಜವೆನ್ನಿಸಿತು. ಹುಂಜದ ಮೇಲೆ ಮಂಕರಿ ಬೋರಲು ಹಾಕಿ, ಮೇಲೊಂದು ಕೌದಿ ಹೊದಿಸಿದಳು.

ಕತ್ತಲಾಗುತ್ತಲೇ ಹಟ್ಟಿಯ ಯಜಮಾನ ಕರಿಯಣ್ಣ ಎಲ್ಲರನ್ನೂ ಬಯಲಿಗೆ ಕರೆದ. ತೆಂಕಣದಲ್ಲಿ ನಾಲ್ಕು ಚುಕ್ಕಿ ನೆಟ್ಟಗೆ ನಿಂತಿದ್ದವು. ಅವುಗಳ ಎಡಕ್ಕೆ ಚೇಳು ತನ್ನ ಕೆಂಪು ಎದೆ ತೋರಿಸುತ್ತ ಮೆಲ್ಲಗೆ ಮೇಲೇರುತ್ತಿತ್ತು.

"ಚೇಳು ಹತ್ತುತಾ ಐತೆ. ಅಂದ್ರೆ ಲೋಕ ಇನ್ನೂ ಐತೆ" ಎಂದ ಕರಿಯಣ್ಣ. ಹಾಗೆಂದವನು ಮತ್ತೆ ಮತ್ತೆ ಚೇಳಿನ ಕಡೆಗೇ ನೋಡುತ್ತಿದ್ದ.

ಆಗಾಗ ಒಬ್ಬೊಬ್ಬರು ಎದ್ದು, ಕರುವಿಗೆ ಹುಲ್ಲು ಹಾಕುವ ನೆಪದಲ್ಲಿ ಮನೆಗೆ ಹೋಗಿ ಬರುತ್ತಿದ್ದರು. ಯತ್ತಪ್ಪ ಅದನ್ನು ಗಮನಿಸಲಿಲ್ಲ. ಅವನ ಮನೆಯಲ್ಲಿ ಕರುವೇ ಇರಲಿಲ್ಲ, ಆದರೂ ಹೋಗಿ ಬರುತ್ತಿದ್ದ.

ನಾಲ್ಕು ಚುಕ್ಕಿ ಒರಗಿದವು. ಚೇಳೂ ವಾಲಿತು. ಬೆಳಕಿನ ಸುಳಿವಿಲ್ಲ, ಮಂಕರಿಯಲ್ಲಿ ಸದ್ದಿಲ್ಲ. ಯತ್ತಪ್ಪ ತಡೆಯದೆ ಎದ್ದ. ಮನೆಗೆ ಓಡಿ, ಕೌದಿ ಕಿತ್ತು, ಮಂಕರಿ ಎತ್ತಿ ಕೈಮುಗಿದ. "ಕೂಗಪ್ಪ, ನನ್ನಪ್ಪ, ನಿನ್ನ ಕಾಲಿಗೆ ಬೀಳ್ತೀನಿ."

ಹುಂಜ ಕತ್ತು ನಿಮಿರಿಸಿತು. "ಕೊಕ್ಕೋಕ್ಕೋ!"

ಬಯಲೇ ಎದ್ದು ನಿಂತಿತು. ಕರಿಯಣ್ಣ ಕೋಲು ಹಿಡಿದು ಬಂದೇಬಿಟ್ಟ. ಹಿಂದೆ ಇಡೀ ಹಟ್ಟಿ. "ಯತ್ತಪ್ಪ! ನಮ್ಮ ಹಟ್ಟಿಯಾಗೆ ಹುಂಜ! ದೇವರಿಗೆ ಏನಂತ ಹೇಳ್ಲಲೇ?"

ಯತ್ತಪ್ಪ ಬಾಯಿ ತೆರೆಯುವ ಮೊದಲೇ ಚಂದ್ರಕ್ಕನ ಮನೆಯಿಂದ "ಕೊಕ್ಕೋಕ್ಕೋ!" ಎಂಬ ಉತ್ತರ ಬಂತು. ಬಳಿಕ ಪೂಜಾರಿಯ ಮನೆಯಿಂದ. ಎಲ್ಲಕ್ಕೂ ಕೊನೆಗೆ, ಯಜಮಾನರ ಅಟ್ಟದ ಮೇಲಿಂದ, ಗಂಟಲು ಕಟ್ಟಿದಂಥ ಒಂದು ಮುದಿ ಕೂಗು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮೂಡಣದಲ್ಲಿ ಸೂರ್ಯ ಎಂದಿನಂತೆ ದುಂಡಗೆ ಮೇಲೆ ಬಂದ.

ಕರಿಯಣ್ಣ ಮೀಸೆ ನೀವಿಕೊಂಡ. "ಯಾರಾದ್ರೂ ಕೂಗಿದ್ರೆ ಓ ಅನ್ನೋದು ಧರ್ಮ. ಓಗೊಟ್ಟಿದ್ದು ತಪ್ಪಲ್ಲ. ಮೊದ್ಲು ಕೂಗಿದ್ದೈತಲ್ಲ, ಅದು ತಪ್ಪು."

"ಹೌದೌದು" ಎಂದಿತು ಹಟ್ಟಿ, ಒಂದೇ ಕೊರಳಿನಲ್ಲಿ. ಚಂದ್ರಕ್ಕನ ದನಿ ಎಲ್ಲರಿಗಿಂತ ಜೋರಾಗಿತ್ತು.

ಅಂದೇ ಯತ್ತಪ್ಪ ಹಟ್ಟಿಯ ಹುಂಜಗಳನ್ನೆಲ್ಲ ಹೊತ್ತುಕೊಂಡು ಬೇಲಿಯ ಆಚೆಗೆ ಬಿದ್ದ. ಮುಂದಿನ ಸಂತೆಯಲ್ಲಿ ಅವನ್ನು ಮಾರಿ, ಮಿಂದು ಬಂದರೆ ಒಳಗೆ ಸೇರಿಸಬೇಕೆಂದು ತೀರ್ಮಾನವಾಗಿತ್ತು. ಸಂತೆಯ ಹಿಂದಿನ ಸಂಜೆ ಪಡುವಣದ ಕಡೆ ನೋಡಿದ. ಮೂಡಣದ ಬಾಲದ ಚುಕ್ಕಿ ಈಗ ಅಲ್ಲಿತ್ತು.

ಬೇಲಿಯ ಸಂದಿನಲ್ಲಿ ಕಂಬಳಿ ಮುಸುಕು ಹಾಕಿದ ಕರಿಯಣ್ಣ ಪಿಸುಗುಟ್ಟಿದ: "ಲೇ ಯತ್ತಪ್ಪ, ನೋಡಿದ್ಯಾ? ಅದು ತೊಲಗೋ ತನಕ ಒಂದು ಹುಂಜನೂ ಮಾರಬ್ಯಾಡ."

"ಹಂಗಾದ್ರೆ ನಾನು ಒಳಗೆ ಬರೋದು ಯಾವಾಗ, ಯಜಮಾನ್ರೇ?"

"ನೀನು ಒಳಗೆ ಬಂದ್ರೆ ನಮಗೆ ಬೆಳಗು ಮಾಡೋರು ಯಾರಲೇ?"