ಮಾಟಗಾತಿಯ ಜಡೆ, ಬಣ್ಣ ಗ್ಯಾರಂಟಿ

ಎಪ್ಪತ್ತೆರಡು ಮೆಟ್ಟಿಲು. ನಂಬಿಕೆ ಬರದಿದ್ದರೆ ಹೋಗಿ ಎಣಿಸಿಕೊಳ್ಳಿ. ಉಣ್ಣೆ ಕಾರ್ಖಾನೆಯ ಬಣ್ಣದ ಮೇಸ್ತ್ರಿಯ ಮಂಡಿಗಳು ಮೂರು ವರ್ಷದಿಂದ ಎಣಿಸಿ ಎಣಿಸಿ ಬಾಯಿಪಾಠ ಮಾಡಿಕೊಂಡಿವೆ. ನಾಲ್ಕು ಮಹಡಿ, ಎಂಟು ಮನೆ, ಹತ್ತಿಳಿಯಲು ಇರುವುದು ಇದೊಂದೇ ದಾರಿ. ಅದನ್ನು ಪ್ರತಿ ಭಾನುವಾರ ಬೆಳಿಗ್ಗೆ ಬಕೆಟ್ಟು, ಬ್ರಷ್ಷು ಹಿಡಿದು ಮೇಲಿನಿಂದ ಕೆಳಗಿನವರೆಗೆ ತಿಕ್ಕುತ್ತ ಬರಬೇಕು. ಮೂರನೇ ಮಹಡಿ ಪಳಪಳ ಅನ್ನುವ ಹೊತ್ತಿಗೆ ಸರಿಯಾಗಿ ಅಲ್ಲಿನ ಟೈಲರ್ ಬಾಗಿಲು ತೆಗೆದು, ಚಪ್ಪಲಿ ಮೆಟ್ಟಿ ಹಾಲು ತರಲು ಇಳಿಯುತ್ತಾನೆ. "ಅಯ್ಯೋ, ಮೆಟ್ಟಿಲು ಒದ್ದೆಯಾ ಮೇಸ್ತ್ರೀ? ನೋಡ್ಲೇ ಇಲ್ಲ ನೋಡಿ!" ಮೂರು ವರ್ಷದಿಂದ ಅವನು ನೋಡಿಯೇ ಇಲ್ಲ.

ಈ ಕಠಿಣ ಸಜೆಯನ್ನು ಯಾವ ಕೋರ್ಟೂ ಕೊಟ್ಟದ್ದಲ್ಲ. ಕೊಟ್ಟದ್ದು ಕಟ್ಟಡದವರ ಹ್ಯಾಲೋವೀನ್ ಊಟ. ವರ್ಷಕ್ಕೊಮ್ಮೆ ಆ ದೆವ್ವದ ಸಂಜೆ ಪ್ರತಿ ಮನೆಯವರೂ ಒಂದೊಂದು ಪಾತ್ರೆ ಭಯಾನಕ ಅಡುಗೆ ಮಾಡಿ ತರಬೇಕು. ನೋಡಿದವರು ಹೆದರಬೇಕು, ಹೆದರಿದವರು ತಿನ್ನಬೇಕು. ಕೊನೆಗೆ ಕಾರ್ಯದರ್ಶಿ ಮುಚ್ಚಳ ತೆಗೆದು ನೋಡಿ, ಯಾರ ಪಾತ್ರೆಯಲ್ಲಿ ಹೆಚ್ಚು ಉಳಿದಿದೆಯೋ ಅವರಿಗೆ ಒಂದು ವರ್ಷ ಮೆಟ್ಟಿಲು ತೊಳೆಯುವ ಸೇವೆ. ಕೈ ಎತ್ತಿ ಬಹುಮತದಿಂದ ಪಾಸಾದ ನಿಯಮ. (ಬಹುಮತ ಅಂದರೆ ಏನೆಂದು ಮೇಸ್ತ್ರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಏಳು ಜನ ಸೇರಿ ಎಂಟನೆಯವನ ಮಂಡಿಯ ಬಗ್ಗೆ ತೀರ್ಮಾನ ತಗೊಳ್ಳುವುದು.)

ಮೇಸ್ತ್ರಿಯ ತೊಂದರೆ ಏನೆಂದರೆ, ಅವನು ಮಾಡಿದ್ದು ನಿಜವಾಗಿಯೂ ಹೆದರಿಸುತ್ತಿತ್ತು. ಮೊದಲ ವರ್ಷ ಬೇಯಿಸಿದ ಮೊಟ್ಟೆಯಲ್ಲಿ ಕಣ್ಣುಗುಡ್ಡೆ ಮಾಡಿದ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ನರ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವಳನ್ನು ಕೇಳಿ, ಬೀಟ್‌ರೂಟ್ ರಸದಲ್ಲಿ ಒಂದೊಂದೇ ಗೆರೆ ಎಳೆದ. ಬಂದವರೆಲ್ಲ ಬಗ್ಗಿ ನೋಡಿ, "ಅಬ್ಬಾ, ನಮ್ಮನ್ನೇ ದುರುಗುಟ್ಟಿಕೊಂಡು ನೋಡ್ತಿದೆ!" ಎಂದು ಅವನ ಬೆನ್ನು ತಟ್ಟಿ, ಪಕ್ಕದ ಪಾತ್ರೆಗೆ ಹೋದರು. ಎರಡನೇ ವರ್ಷ ಹೂಕೋಸಿನ ಮೆದುಳು. ಕೆಳಗಿನ ಮನೆಯ ಟೀಚರಮ್ಮನಿಗೆ ತಲೆ ಸುತ್ತಿ ಕುರ್ಚಿ ತರಿಸಬೇಕಾಯಿತು. ಮೂರನೇ ವರ್ಷದ ಕತ್ತರಿಸಿದ ಬೆರಳುಗಳ ಮಾತು ಬಿಡಿ, ಅದನ್ನು ಬೆಕ್ಕೂ ಮೂಸಲಿಲ್ಲ. ಅತ್ತ ಟೈಲರ್ ಪ್ರತಿ ವರ್ಷ ಕರಿದ ಆಲೂಗಡ್ಡೆಗೆ ಎರಡು ಮೆಣಸಿನಕಾಳು ಚುಚ್ಚಿ, "ಇದು ದೆವ್ವ" ಅನ್ನುತ್ತಾನೆ. ಅದನ್ನು ನೋಡಿ ಹೆದರುವ ಪ್ರಾಣಿ ಇನ್ನೂ ಹುಟ್ಟಿಲ್ಲ. ಆದರೆ ಹತ್ತು ನಿಮಿಷದಲ್ಲಿ ಪಾತ್ರೆ ಖಾಲಿ.

ಹೊಗಳಿಕೆಯಿಂದ ಪಾತ್ರೆ ಬರಿದಾಗುವುದಿಲ್ಲ. ಈ ಸತ್ಯ ಮೇಸ್ತ್ರಿಗೆ ಅರಿವಾದಾಗ ಡಾಕ್ಟರು ಆಗಲೇ ಮಂಡಿ ಒತ್ತಿ ನೋಡಿ ಹೇಳಿಯಾಗಿತ್ತು: "ಇನ್ನೊಂದು ವರ್ಷ ಹೀಗೇ ಬಗ್ಗಿದ್ರೆ, ಆಮೇಲೆ ಎದ್ದೇಳೋದು ನಿಮ್ಮ ಕೈಲಿರಲ್ಲ."

"ರೀ, ಈ ಸಲ ನಿಮ್ಮ ಕಲೆ ಗಿಲೆ ಬೇಡ," ಅಂದಳು ಹೆಂಡತಿ, ಅವನ ಮಂಡಿಗೆ ಮುಲಾಮು ತಿಕ್ಕುತ್ತ. "ಪಾಸ್ತಾ ಮಾಡೋಣ. ಬೆಳ್ಳುಳ್ಳಿ, ಟೊಮೆಟೊ, ಚೀಸು. ಬೇಡ ಅನ್ನೋರು ಯಾರಿದ್ದಾರೆ? ಒಂಚೂರು ಕಪ್ಪು ಬಣ್ಣ ಹಾಕಿ, ಮಾಟಗಾತಿಯ ಜಡೆ ಅಂತ ಹೆಸರಿಟ್ರಾಯ್ತು."

"ಕಪ್ಪು ಅಂದ್ರೆ ಯಾವ ಕಪ್ಪು?"

"ಕಪ್ಪು ಅಂದ್ರೆ ಕಪ್ಪು."

"ಹಾಗಂದ್ರೆ ಹೆಂಗೆ? ಕಪ್ಪಲ್ಲಿ ಹನ್ನೊಂದು ತರ ಇದೆ ಕಣೇ. ಒಳಗೆ ನೀಲಿ ಇರೋ ಕಪ್ಪು, ಕೆಂಪು ಇರೋ ಕಪ್ಪು, ಕಾಗೆ ಕಪ್ಪು, ಮಸಿ ಕಪ್ಪು..."

"ನಿಮ್ಮನ್ನ ಒಪ್ಕೊಳ್ಳೋವಾಗ ನನ್ನ ಕಣ್ಣಿಗೆ ಕವಿದಿತ್ತಲ್ಲ, ಆ ಕಪ್ಪು ಹಾಕಿ."

ಶನಿವಾರ ಮಧ್ಯಾಹ್ನ ಅಡುಗೆಮನೆ ಮೇಸ್ತ್ರಿಯ ವಶಕ್ಕೆ ಬಂತು. ಕೇಕಿಗೆ ಹಾಕುವ ಕಪ್ಪು ಬಣ್ಣದ ಎರಡು ಬಾಟಲಿ ತಂದಿದ್ದ. ಹೆಂಡತಿ ಚೀಟಿ ಓದಿ, ಬೆಳಕಿಗೆ ಹಿಡಿದು, ತಿನ್ನುವ ಬಣ್ಣವೇ ಹೌದೆಂದು ಖಾತ್ರಿ ಮಾಡಿಕೊಂಡು ವಾಪಸು ಕೊಟ್ಟಳು. ಅವನು ನೀರು ಕುದಿಸಿ, ಬಣ್ಣ ಸುರಿದು, ದಾರದಂಥ ಉದ್ದನೆಯ ಪಾಸ್ತಾ ಒಂದು ಹಿಡಿ ಹಾಕಿದ. ಬೆಂದ ಮೇಲೆ ಎತ್ತಿ ನೋಡಿದರೆ ಬೂದಿ. ಆಸ್ಪತ್ರೆಯ ನೆಲ ಒರೆಸಿ ಹಿಂಡಿದ ಬಟ್ಟೆಯ ಬಣ್ಣ. ತಣ್ಣೀರಲ್ಲಿ ಅದ್ದಿದರೆ ಅದೂ ಬಿಟ್ಟುಕೊಂಡಿತು.

ಮೇಸ್ತ್ರಿಯ ಮುಖದ ಬಣ್ಣವೂ ಬಿಟ್ಟುಕೊಂಡಿತು. ಉಣ್ಣೆ ಕಾರ್ಖಾನೆಯ ಬಣ್ಣದ ಮನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು ಅವನು. ಆ ಇಪ್ಪತ್ತೆಂಟು ವರ್ಷದಲ್ಲಿ ಎರಡು ಮುಷ್ಕರ ಸೋತಿದ್ದ, ಬೆನ್ನ ಮೇಲೆ ಒಮ್ಮೆ ಲಾಠಿ ಮುರಿಸಿಕೊಂಡಿದ್ದ. ಆದರೆ ಅವನು ಹಾಕಿದ ಬಣ್ಣ ಮಾತ್ರ ಒಂದೇ ಒಂದು ಸಲವೂ ಬಿಟ್ಟಿರಲಿಲ್ಲ.

"ಸಾಕು ಬಿಡ್ರೀ, ಬೂದಿ ಬಣ್ಣದ ಮಾಟಗಾತಿ ಅನ್ನೋಣ. ವಯಸ್ಸಾಗಿದೆ ಅಂತ ತಿಳ್ಕೋತಾರೆ."

"ಬೂದೀನಾ? ನನ್ನ ಕೈಯಿಂದ ಬೂದೀನಾ?" ಅವನು ಕಾರ್ಖಾನೆಯ ರಬ್ಬರ್ ಕೈಗವಸು ತೆಗೆದು ಮೊಣಕೈವರೆಗೆ ಏರಿಸಿದ. ಕೈಗವಸಿಲ್ಲದೆ ಬಣ್ಣ ಮುಟ್ಟಿ ಗೊತ್ತಿಲ್ಲದ ಮನುಷ್ಯ. "ಉಣ್ಣೆಗೆ ಏನು ಬೇಕು? ಹುಳಿ ಬೇಕು, ಕಾವು ಬೇಕು, ತಾಳ್ಮೆ ಬೇಕು. ಈ ಪಾಸ್ತಾದಲ್ಲಿ ಮೊಟ್ಟೆ ಇದೆ. ಕುರಿಯ ಮೈಮೇಲಿನ ಉಣ್ಣೆ, ಕೋಳಿಯ ಹೊಟ್ಟೆಯೊಳಗಿನ ಮೊಟ್ಟೆ, ಬಣ್ಣದ ಕಣ್ಣಿಗೆ ಎರಡೂ ಒಂದೇ ಜಾತಿ!"

(ಮನುಷ್ಯನ ತುಟಿ, ನಾಲಗೆ, ಬೆರಳಿನ ಚರ್ಮವೂ ಅದೇ ಜಾತಿ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಹೊಳೆಯಲಿಲ್ಲ. ಗೊತ್ತಿರುವುದು ಬೇರೆ, ಹೊಳೆಯುವುದು ಬೇರೆ. ಎರಡರ ನಡುವಿನ ಹಳ್ಳದಲ್ಲಿ ಎಷ್ಟೋ ಸಂಸಾರ, ಎಷ್ಟೋ ಚಳವಳಿ ಮುಳುಗಿ ಹೋಗಿವೆ.)

ಅವನು ಒಂದು ಬಾಟಲಿ ವಿನೆಗರ್ ಸುರಿದ. ಒಲೆ ಸಣ್ಣ ಮಾಡಿದ. ಪಾಸ್ತಾವನ್ನು ಮರದ ಕೋಲಿನಿಂದ ನೂಲಿನ ಲಡಿಯಂತೆ ಎತ್ತಿ ಎತ್ತಿ ಮುಳುಗಿಸಿದ.

"ಅದು ಊಟ ಕಣ್ರೀ, ಸ್ವೆಟರ್ ಅಲ್ಲ!"

"ಸುಮ್ನಿರು. ಬಣ್ಣ ಹಿಡೀತಿದೆ."

ಹಿಡಿಯಿತು. ಕೊಡೆಯ ಬಟ್ಟೆಯಂಥ ಕಪ್ಪು. ಅವನು ಒಂದು ಎಳೆ ಎತ್ತಿ ನಲ್ಲಿ ಕೆಳಗೆ ತೊಳೆದ. ಗೋಡೆಗೆ ನೇತುಹಾಕಿದ್ದ ಹೆಂಡತಿಯ ಬಿಳಿ ಯೂನಿಫಾರ್ಮಿನ ಅಂಚು ಎಳೆದು, ಅವಳು ಬೇಡ ಬೇಡ ಎಂದು ಕೂಗುತ್ತಿದ್ದಂತೆಯೇ ಅದಕ್ಕೆ ಉಜ್ಜಿದ. ಒಂದು ಚುಕ್ಕೆಯೂ ಇಲ್ಲ. ಯೂನಿಫಾರ್ಮಿಗೆ ವಿನೆಗರ್ ವಾಸನೆ ಬಂತು, ಅವನ ಕಣ್ಣಿಗೆ ನೀರು ಬಂತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆ ಬರೆಯುವ ಕೆಲಸ ಇರುತ್ತಿರಲಿಲ್ಲ. ಆದರೆ ಪಾತ್ರೆಯಲ್ಲಿ ಅರ್ಧ ಬಣ್ಣದ ನೀರು ಉಳಿದಿತ್ತು. ಉಳಿದ ಬಣ್ಣವನ್ನು ಮೋರಿಗೆ ಚೆಲ್ಲಿದವನು ಮೇಸ್ತ್ರಿಯೇ ಅಲ್ಲ. ಅದಕ್ಕೆ ಇನ್ನೊಂದು ಲಡಿ ಹಾಕಿ ತೆಗೆಯಬೇಕು, ಅದು ಬಣ್ಣದ ಮನೆಯ ಧರ್ಮ. ಇಲ್ಲಿ ಇನ್ನೊಂದು ಲಡಿ ಎಲ್ಲಿದೆ? ಹೆಂಡತಿ ಪಕ್ಕದ ಒಲೆಯಲ್ಲಿ ಬೆಳ್ಳುಳ್ಳಿ ಹುರಿದು, ಟೊಮೆಟೊ ಬೇಯಿಸಿ, ಚೀಸು ಕರಗಿಸಿ ಘಮಘಮ ಅನ್ನುವ ಗೊಜ್ಜು ಮಾಡಿಟ್ಟಿದ್ದಳು. ಅವಳು ಯೂನಿಫಾರ್ಮು ಒಗೆಯಲು ಬಚ್ಚಲಿಗೆ ಹೋದದ್ದೇ ತಡ, ಉಳಿದ ಬಣ್ಣವನ್ನೆಲ್ಲ ಗೊಜ್ಜಿಗೆ ಸುರಿದು ಕುದಿಸಿ, ಪಾಸ್ತಾ ಬೆರೆಸಿ, ಅವಳು ಬರುವಷ್ಟರಲ್ಲಿ ಮುಚ್ಚಳ ಹಾಕಿಬಿಟ್ಟ. ರುಚಿ ನೋಡಲಿಲ್ಲ. (ಬಣ್ಣದವರು ರುಚಿ ನೋಡುವುದಿಲ್ಲ. ನೋಡಿದವರು ಯಾರೂ ಇಪ್ಪತ್ತೆಂಟು ವರ್ಷ ನೌಕರಿ ಮಾಡಿಲ್ಲ.)

ಸಂಜೆ ಆರಕ್ಕೆ, ಸೈಕಲ್ ನಿಲ್ಲಿಸುವ ಕೆಳಗಿನ ಹಜಾರದಲ್ಲಿ ಬಲ್ಬಿಗೆ ಕೆಂಪು ಕಾಗದ ಸುತ್ತಿ, ಪಕ್ಕದವರ ಮುಖ ಕಾಣದಷ್ಟು ಭಯಾನಕ ವಾತಾವರಣ ನಿರ್ಮಿಸಲಾಗಿತ್ತು. ಮೇಸ್ತ್ರಿ ತನ್ನ ಪಾತ್ರೆಯ ಹಿಂದೆ ಕೈಗವಸು ತೊಟ್ಟು, ಸೌಟು ಹಿಡಿದು ನಿಂತ. ಬಿಸಿ ಪಾತ್ರೆಗೆ ಅದು ಅನುಕೂಲ ಅಂದುಕೊಂಡ.

ಮೊದಲು ಬಂದದ್ದು ಕಾರ್ಯದರ್ಶಿ. ಕೋರ್ಟಿನ ಗುಮಾಸ್ತನಾಗಿ ನಿವೃತ್ತನಾದವನು, ಬಾಯಲ್ಲಿ ಕಟ್ಟಿಸಿದ ಹಲ್ಲು, ಕಂಕುಳಲ್ಲಿ ಕಟ್ಟಡದ ರಿಜಿಸ್ಟರು. ಒಂದು ತುತ್ತು ಬಾಯಿಗಿಟ್ಟು ತಲೆದೂಗಿದ.

"ಮೇಸ್ತ್ರಿ, ಇದು... ಇದು ತಿನ್ನೋ ಹಾಗಿದೆಯಲ್ಲಯ್ಯ!"

ಆ ಮಾತಿಗೇ ಮೂರು ವರ್ಷದಿಂದ ಕಾದಿದ್ದ ಜೀವ ಅದು. ಜನ ಮುತ್ತಿಕೊಂಡರು. ಮಕ್ಕಳು ಚಮಚ ಬಿಸಾಕಿ ಕೈಯಲ್ಲೇ ಜಡೆ ಎಳೆದು ಬಾಯಿಗೆ ಇಳಿಸಿದರು. ಟೀಚರಮ್ಮ ಎರಡನೇ ಸಲ ಬಂದರು. ಹೆಂಡತಿಯೂ ಹೆಮ್ಮೆಯಿಂದ ಎರಡು ತಟ್ಟೆ ತಿಂದಳು. ಟೈಲರ್ ತನ್ನ ಆಲೂಗಡ್ಡೆ ದೆವ್ವಗಳನ್ನು ಅನಾಥ ಮಾಡಿ ಇಲ್ಲಿ ನಿಂತ.

"ಇನ್ನೊಂದು ಸೌಟು ಟೈಲರ್ರೇ, ಸಂಕೋಚ ಬೇಡ!" ಬಡಿಸಿದ, ಬಡಿಸಿದ, ತಳ ಕೆರೆದು ಬಡಿಸಿದ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ; ಮಾಡಿದವನಿಗೆ ಒಂದು ಎಳೆಯೂ ಉಳಿಯಲಿಲ್ಲ.

ಕಾರ್ಯದರ್ಶಿ ಎಂಟೂ ಮುಚ್ಚಳ ತೆಗೆದು ನೋಡಿ ಘೋಷಿಸಿದ: ಈ ವರ್ಷದ ಮೆಟ್ಟಿಲು, ಕುಂಬಳಕಾಯಿ ಸೂಪಿನ ಟೀಚರಮ್ಮನ ಮನೆಗೆ. ಮೇಸ್ತ್ರಿಗೆ ಮಂಡಿಯೊಳಗೆ ಯಾರೋ ಎಣ್ಣೆ ಬಿಟ್ಟ ಹಾಗಾಯಿತು.

"ಆಯ್ತಪ್ಪ, ಸೋತೆ," ಅಂದರು ಟೀಚರಮ್ಮ. "ಗೆದ್ದವರನ್ನ ನಡುವೆ ನಿಲ್ಲಿಸಿ ಒಂದು ಫೋಟೋ ತೆಗೆಯೋಣ. ಯಾರಾದ್ರೂ ಆ ದೊಡ್ಡ ಲೈಟ್ ಹಾಕ್ರಪ್ಪ. ಹಾಂ, ಎಲ್ರೂ ನಗಿ!"

ಲೈಟು ಹತ್ತಿತು. ಎಲ್ಲರೂ ನಕ್ಕರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿ ಕಿರುಚಿದರು.

ಹಲ್ಲು ಕಪ್ಪು, ತುಟಿ ಕಪ್ಪು, ನಾಲಗೆ ಕಪ್ಪು. ಮಕ್ಕಳ ಕೈ ಮಣಿಕಟ್ಟಿನವರೆಗೆ ಕಪ್ಪು. ಅದೇ ಕೈಗಳು ಊಟದ ನಡುವೆ ಮಹಡಿ ಹತ್ತಿ ಇಳಿದು ಕಣ್ಣಾಮುಚ್ಚಾಲೆ ಆಡಿದ್ದವು. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಕರಿ ಹಸ್ತಗಳು ಮೇಲಕ್ಕೆ ಮೆರವಣಿಗೆ ಹೊರಟಿದ್ದವು. ಎಲ್ಲರೂ ನಲ್ಲಿಗೆ ಓಡಿದರು. ಸೋಪು, ಉಪ್ಪು, ನಿಂಬೆಹಣ್ಣು, ಏನು ಹಾಕಿ ತಿಕ್ಕಿದರೂ ಬಿಡಲಿಲ್ಲ. ಕಾರ್ಯದರ್ಶಿ ಹಲ್ಲಿನ ಸೆಟ್ಟನ್ನೇ ಕಳಚಿ, ಸಾಕ್ಷ್ಯದ ವಸ್ತುವಿನ ಹಾಗೆ ಬೆಳಕಿಗೆ ಹಿಡಿದು ನೋಡಿ, ನಿಟ್ಟುಸಿರು ಬಿಟ್ಟು ವಾಪಸು ಹಾಕಿಕೊಂಡ.

ಇಡೀ ಕಟ್ಟಡದಲ್ಲಿ ಬಿಳಿ ಹಲ್ಲು ಉಳಿದದ್ದು ಒಬ್ಬನಿಗೆ.

"ಇವರು ತಿಂದೇ ಇಲ್ಲ!" ಅಂದ ಟೈಲರ್. "ನಮಗೆಲ್ಲ ಒತ್ತಾಯ ಮಾಡಿ ಬಡಿಸಿದ್ರು, ತಾವು ಒಂದು ಎಳೆ ಮುಟ್ಟಿಲ್ಲ! ಕೈ ನೋಡಿ, ಗವಸು! ಎಲ್ಲಾ ಗೊತ್ತಿದ್ದೇ ಮಾಡಿದ್ದು!"

"ಉಳೀಲಿಲ್ಲ ಕಣ್ರಪ್ಪ! ಉಳಿದಿದ್ರೆ ತಿಂತಿದ್ದೆ!"

"ನಾಡಿದ್ದು ನನ್ನ ಕ್ಲಾಸಲ್ಲಿ ಐವತ್ತು ಮಕ್ಕಳಿದ್ದಾವೆ!" ಟೀಚರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂಗಿದರು.

ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಅವಳ ಕರಿ ತುಟಿಗಳು ನಿಧಾನಕ್ಕೆ ತೆರೆದವು. "ಗೊಜ್ಜಿಗೆ ಏನು ಹಾಕಿದ್ರಿ?"

ಅವನು ಹೇಳಿದ. ಹೇಳಬಾರದಿತ್ತು.

ನಿಂತಲ್ಲೇ ಸಭೆ ಸೇರಿತು. ಕಾರ್ಯದರ್ಶಿ ರಿಜಿಸ್ಟರು ಬಿಚ್ಚಿದ. "ಟೀಚರಮ್ಮನ ಶಿಕ್ಷೆ ರದ್ದು. ಈ ಬಣ್ಣ ಹೋಗೋವರೆಗೂ ಮೆಟ್ಟಿಲು, ಗೋಡೆ ಎರಡೂ ಮೇಸ್ತ್ರಿದು. ಪರ ಇರೋರು ಕೈ ಎತ್ತಿ." ಕರಿ ಬೆರಳುಗಳ ಕಾಡು ಎದ್ದಿತು. ಅದರಲ್ಲಿ ಹೆಂಡತಿಯ ಬೆರಳೂ ಇತ್ತು. "ನ್ಯಾಯ ನ್ಯಾಯವೇ ಕಣ್ರೀ," ಅಂದಳು.

"ಈಗ ಹೇಳು ಮೇಸ್ತ್ರಿ. ಬಣ್ಣ ಹೋಗೋಕೆ ಎಷ್ಟು ದಿನ ಬೇಕು?"

ಹೆಂಡತಿ ಪಕ್ಕೆಗೆ ತಿವಿದಳು. "ಎರಡು ದಿನ ಅನ್ನಿ."

ಎರಡು ದಿನ ಅನ್ನಲು ಬಾಯಿ ತೆಗೆದಿದ್ದ. ಅಷ್ಟರಲ್ಲಿ ಟೈಲರ್ ಅಂದ: "ಕೇಳೋದೇನು ಸಾರ್, ಕಚ್ಚಾ ಬಣ್ಣ ಇರ್ಬೇಕು. ಇವರ ಕಾರ್ಖಾನೆ ಮಾಲು ನಾನು ಹೊಲಿದಿಲ್ವಾ? ಎರಡು ಒಗೆತಕ್ಕೆ ಬಿಟ್ಕೊಳ್ಳುತ್ತೆ."

"ಕಚ್ಚಾನಾ?" ಹಜಾರ ನಡುಗಿತು. "ನನ್ನ ಬಣ್ಣ ಕಚ್ಚಾನಾ? ಬಿಸಿಲಿಗೆ ಹಾಕಿ, ಸೋಡಾದಲ್ಲಿ ಕುದಿಸಿ, ಕಲ್ಲಿಗೆ ಒಗೀರಿ, ನಾನು ಹಾಕಿದ ಬಣ್ಣ ಈ ಜನ್ಮದಲ್ಲಿ ಬಿಡಲ್ಲ! ಬರ್ಕೊಳ್ಳಿ!"

ಕಾರ್ಯದರ್ಶಿ ಬರೆದುಕೊಂಡ.

ಮೂರನೇ ದಿನಕ್ಕೆ ಬೆರಳುಗಳು ತಿಳಿಯಾದವು, ಐದನೇ ದಿನಕ್ಕೆ ನಾಲಗೆಗಳು. ಗೋಡೆ ಮಾತ್ರ ಮೊದಲಿನ ಹಾಗೇ. ಮುಂದಿನ ಭಾನುವಾರದ ಹೊತ್ತಿಗೆ ಕಟ್ಟಡದ ಬಾಯಿಗಳೆಲ್ಲ ಬೆಳ್ಳಗಾಗಿದ್ದವು. ಅಂದು ಬೆಳಿಗ್ಗೆ ಹೆಂಡತಿ ಅವನ ತೋಳು ಹಿಡಿದು ಕುಂಟಿಸುತ್ತ ಕಾರ್ಯದರ್ಶಿಯ ಬಾಗಿಲಿಗೆ ಕರೆದುಕೊಂಡು ಹೋದಳು.

"ಅಣ್ಣಾ, ಎಲ್ಲರ ಬಾಯಿಂದ್ಲೂ ಬಣ್ಣ ಹೋಯ್ತಲ್ಲ. ಗೋಡೆಗೆ ನಾವೇ ಸುಣ್ಣ ಹೊಡೀತೀವಿ. ಮೆಟ್ಟಿಲು ಬಿಟ್ಟುಬಿಡಿ, ಇವರ ಮಂಡಿ ನೋಡಿ."

ಕಾರ್ಯದರ್ಶಿಗೂ ಮನಸ್ಸು ಕರಗಿತ್ತು. "ಬಿಡೋಣಮ್ಮ. ಆದ್ರೆ ದಾಖಲೆಯಲ್ಲಿ ಇವನ ಹೇಳಿಕೆ ಇದೆ, ಬಣ್ಣ ಈ ಜನ್ಮದಲ್ಲಿ ಬಿಡಲ್ಲ ಅಂತ. ಅದರ ಕೆಳಗೆ 'ನನ್ನ ಬಣ್ಣ ಬಿಟ್ಟಿದೆ' ಅಂತ ಬರೆದು ಸಹಿ ಹಾಕಲಿ. ಇವತ್ತೇ ಬಿಡುಗಡೆ."

ಪೆನ್ನು ಮೇಸ್ತ್ರಿಯ ಕೈಗೆ ಬಂತು. ಕ್ಯಾಪು ತೆಗೆದ. ನಿಬ್ಬು ಕಾಗದಕ್ಕೆ ತಾಗಿತು. ತಾಗಿದಲ್ಲೇ ನಿಂತಿತು.

"ಬರೀರೀ," ಅಂದಳು ಹೆಂಡತಿ. "ಸುಳ್ಳೇನಲ್ಲವಲ್ಲ? ನೋಡಿ, ಆ..." ಅವಳು ಬೆಳಕಿಗೆ ತಿರುಗಿ ಬಾಯಿ ಅಗಲಿಸಿ ತೋರಿಸಿದಳು.

ಅವನು ಬಗ್ಗಿ ಇಣುಕಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅವಳ ಗಲ್ಲ ಹಿಡಿದು ಮೇಲಕ್ಕೆತ್ತಿದ. ಇದ್ದಕ್ಕಿದ್ದಂತೆ ಮುಖ ಅರಳಿತು.

"ಇದೆ! ಅಗೋ, ಹಿಂದಿನ ದವಡೆ ಹಲ್ಲಿನ ಸಂದೀಲಿ! ಕಾರ್ಯದರ್ಶಿಗಳೇ, ಬನ್ನಿ, ನೋಡಿ! ಇನ್ನೂ ಇದೆ, ಒಂದು ಕೂದಲೆಳೆಯಷ್ಟೂ ಮಾಸಿಲ್ಲ!"

ಹೆಂಡತಿ ಬಾಯಿ ಮುಚ್ಚಿದಳು. ಅವನ ಬೆರಳುಗಳಿಂದ ಪೆನ್ನು ಬಿಡಿಸಿ ಕಾರ್ಯದರ್ಶಿಗೆ ಕೊಟ್ಟಳು. ಆಮೇಲೆ ಮನೆಗೆ ಹೋಗಿ, ಬಕೆಟ್ಟಿಗೆ ನೀರು ತುಂಬಿಸಿಕೊಂಡು ಬಂದಳು.